ಯಾರೂ ಬರೆಯದ ಪುಟ

ಒಂದೇ ವಸ್ತು ಎರಡು ಕಡೆ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ಎರಡನೇ ಕತ್ತರಿ ಸಿಕ್ಕರೆ ಪಕ್ಕದ ಮನೆಗೆ ದಾಟಿಸುತ್ತಿದ್ದಳು. "ಚಪ್ಪಲಿ ಜೋಪಾನ, ಜೊತೆಯಲ್ಲಿ ಒಂದನ್ನ ಎಸೆದುಬಿಡ್ತಾಳೆ" ಅಂತ ಗಂಡ ನೆಂಟರ ಮುಂದೆ ನಗುತ್ತಿದ್ದ. ನೀರು ಸರಬರಾಜು ಕಚೇರಿಯಲ್ಲಿ ಅವಳಿಗೆ ಪೊರಕೆ ಅಕ್ಕ ಅಂತಲೇ ಹೆಸರು. ಹೆಸರಿಗೆ ತಕ್ಕ ಕೆಲಸ: ಅಲ್ಲಿನ ವಿಕಿಯ, ಅಂದರೆ ಕಚೇರಿಯವರೆಲ್ಲ ನೋಡುವ ಮಾಹಿತಿ ಪುಟಗಳ ತಾಣದ, ಒಳಗಿನ ಕಸ ಗುಡಿಸುವುದು.

ಆ ವಿಕಿಯ ಬಹಳಷ್ಟು ಪುಟಗಳನ್ನು ಯಾರೂ ಕೂತು ಬರೆದಿರಲಿಲ್ಲ. ಪ್ರತಿ ಪೈಪಿಗೂ ಪ್ರತಿ ತೊಟ್ಟಿಗೂ ಒಂದೊಂದು ಪುಟವನ್ನು ತಂತ್ರಾಂಶವೇ ತಯಾರಿಸುತ್ತಿತ್ತು. ಕೆಲಸಗಾರರು ದಿನಾ ಫೋನಿನಲ್ಲಿ ತುಂಬಿದ ಮಾಹಿತಿ ನೋಡಿ 'ಒಳಗೆ ಜನರಿದ್ದಾರೆ' ಅಂತಲೋ, 'ಯಾರೂ ಇಲ್ಲ, ನೀರು ಬಿಡಬಹುದು' ಅಂತಲೋ ಹಾಕುತ್ತಿತ್ತು. ವಾಲ್ವ್ ತಿರುಗಿಸುವ ನೀರುಗಂಟಿಗೆ ಆ ಪುಟವೇ ಅಪ್ಪಣೆ.

ಪೈಪಿನ ಪುಟ ತಯಾರಿಸಲು ಒಂದು ಕೋಡ್, ತೊಟ್ಟಿಯ ಪುಟಕ್ಕೆ ಇನ್ನೊಂದು ಕೋಡ್. ನೋಡಿದರೆ ಅವಳಿ ಜವಳಿ. ಒಂದನ್ನು ತಿದ್ದಿದರೆ ಇನ್ನೊಂದು ಮರೆತುಹೋಗುತ್ತಿತ್ತು. ನಿನ್ನೆ ಪೈಪಿನದನ್ನು ಎರಡಕ್ಕೂ ಉಳಿಸಿ, ತೊಟ್ಟಿಯದನ್ನು ಅಳಿಸಿದಳು. ಅಳಿಸಿದ್ದರಲ್ಲಿ ಒಂದು ಸಾಲು ಹೆಚ್ಚಿತ್ತು: ಮಾಹಿತಿಯೇ ಬಾರದಿದ್ದರೆ 'ಜನರಿರಬಹುದು, ಕೂಗಿ ನೋಡಿ' ಅಂತ ಹಾಕು. ಪೈಪಿನದು ಹಾಗಲ್ಲ, ಮಾಹಿತಿ ಬಾರದಿದ್ದರೆ 'ಯಾರೂ ಇಲ್ಲ' ಅನ್ನುತ್ತಿತ್ತು. ಪೈಪಿನೊಳಗೆ ಯಾರು ಇಳಿಯುತ್ತಾರೆ? "ತುಂಬಲೇಬೇಕು ಅಂತ ನಿಯಮ ಇದ್ದ ಮೇಲೆ ಮಾಹಿತಿ ಯಾಕೆ ಬರಲ್ಲ?" ಅಂದುಕೊಂಡಳು. ಹಳೆಯ ಪುಟಗಳನ್ನೂ ಹೊಸ ಪುಟಗಳನ್ನೂ ಹೋಲಿಸಿದಳು. ಒಂದಕ್ಷರವೂ ಬದಲಾಗಿರಲಿಲ್ಲ. ನಿನ್ನೆ ಯಾವ ತೊಟ್ಟಿಗೂ ಯಾರೂ ಇಳಿದಿರಲಿಲ್ಲ, ಎಲ್ಲ ಮಾಹಿತಿಯೂ ಬಂದಿತ್ತು.

ಗಂಡ ತೊಟ್ಟಿ ತೊಳೆಯುವ ತಂಡದ ಮೇಸ್ತ್ರಿ. ಬೆಳಿಗ್ಗೆ ಅವನು ಬೂಟು ಹಾಕಿಕೊಳ್ಳುವಾಗ ಕೇಳಿದಳು.

"ಇವತ್ತು ಯಾವ ತೊಟ್ಟಿ ರೀ?"

"ಮೇಲೆ ಬಂದ್ಮೇಲೆ ಹೇಳ್ತೀನಿ. ಇಳಿಯೋಕೆ ಮುಂಚೆ ಹೇಳಬಾರ್ದು ಅಂತ ಗೊತ್ತಿಲ್ವಾ?"

ಗೊತ್ತಿತ್ತು. ತೊಟ್ಟಿ ತೊಳೆಯುವವರೆಲ್ಲರ ನಂಬಿಕೆ ಅದು. ಮೊದಲೇ ಹೇಳಿದರೆ ಕೆಡುಕಂತೆ. ನಕ್ಕು ಊಟದ ಡಬ್ಬಿ ಕೈಗಿಟ್ಟಳು.

ಕಚೇರಿಯ ನಲ್ಲಿ ಬೆಳಿಗ್ಗೆಯಿಂದ ಒಣಗಿತ್ತು. "ನಮ್ಗೆ ನೀರು ಬರೋ ತೊಟ್ಟಿ ತೊಳೀತಿದಾರಂತೆ" ಅಂದ ಗುಮಾಸ್ತ, ಖಾಲಿ ಲೋಟ ಹಿಡಿದು. ತನ್ನ ಹೊಸ ಕೆಲಸ ನೋಡುವ ಆಸೆಗೆ ಪೊರಕೆ ಅಕ್ಕ ಆ ತೊಟ್ಟಿಯ ಪುಟ ತೆರೆದಳು.

'ಯಾರೂ ಇಲ್ಲ, ನೀರು ಬಿಡಬಹುದು.'

ಇಳಿಯುವ ಮುಂಚೆ ಹೆಂಡತಿಗೇ ಹೇಳದವರು ಫೋನಿನಲ್ಲಿ ತುಂಬುತ್ತಾರೆಯೇ? ಆ ಹೆಚ್ಚಿನ ಸಾಲು ಇದ್ದದ್ದೇ ಅವರಿಗಾಗಿ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಗಂಡನಿಗೆ ಫೋನು ಮಾಡಿದಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಇಳಿಯುವಾಗ ಅವನು ಅದನ್ನು ಅಂಗಿಯ ಜೊತೆ ಮೇಲೆಯೇ ಬಿಡುತ್ತಿದ್ದ. ನೀರುಗಂಟಿಯ ನಂಬರು ಒತ್ತಿದಳು.

"ಅಣ್ಣಾ, ನೀರು ಬಿಡಬೇಡ!"

"ಯಾಕಕ್ಕಾ? ಪುಟ ನೋಡ್ಕೊಂಡೇ ಬಿಟ್ಟೆ. ಆಗಲೇ ಬಿಟ್ಟಾಯ್ತಲ್ಲ."

ಅವಳ ಬೆನ್ನ ಹಿಂದೆ ನಲ್ಲಿ ಕೆಮ್ಮಿತು. ಗಾಳಿ ಉಗುಳಿತು. ಆಮೇಲೆ ನೀರು ಸುರಿಯತೊಡಗಿತು.

"ಬಂತು ನೋಡಕ್ಕಾ!" ಅಂದ ಗುಮಾಸ್ತ, ಲೋಟ ಒಡ್ಡುತ್ತಾ.