ಪರದೆಯ ಅಂಚು ಮೂಸುವ ಅಕ್ಕ

ಬೆಳಗಿನ ಆರು ಗಂಟೆ. ಅತಿಥಿ ಈಗಷ್ಟೇ ಖಾಲಿ ಮಾಡಿದ ಹೋಟೆಲ್ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಕಿಟಕಿ ಪರದೆಯ ಅಂಚನ್ನು ಮೂಗಿಗೆ ಹಿಡಿದು ನಿಂತಿದ್ದಾರೆ. ಆಮೇಲೆ ದಿಂಬು, ಕೊನೆಗೆ ಕಪಾಟಿನ ಒಳಮೂಲೆ. “ಸಿಗರೇಟು ಸೇದಿದಾರೆ. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಸೇದಿದಾರೆ. ನನ್ನ ಕಣ್ಣಿಗೆ ಮಣ್ಣೆರಚ್ಬಹುದು, ಮೂಗಿಗೆ ಆಗಲ್ಲ.”

ಹೋಟೆಲಿಗೆಲ್ಲ ಅವರು ‘ಅಕ್ಕ’. ಹತ್ತೊಂಬತ್ತು ವರ್ಷದಿಂದ ಕೋಣೆ ಶುಚಿ ಮಾಡುವ ಕೆಲಸ, ದಿನಕ್ಕೆ ಹದಿನಾಲ್ಕು ಕೋಣೆ. ಸಿಗರೇಟು ನಿಷೇಧಿಸಿರುವ ಮೂರನೇ ಮಹಡಿಯಲ್ಲಿ ಯಾವ ಕೋಣೆ ಕೊಡಬಹುದು, ಯಾವುದು ಬೇಡ ಎಂಬುದಕ್ಕೆ ಅವರ ಮೂಗೇ ಪ್ರಮಾಣ. ಅದಕ್ಕಾಗಿ ಬೆಳಗ್ಗೆ ಕಾಫಿ ಬಿಟ್ಟಿದ್ದಾರೆ, ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟಿದ್ದಾರೆ. ಇನ್ನೊಂದು ಕಟ್ಟುನಿಟ್ಟೂ ಇದೆ: ಸೇದಲು ಬಿಡುವ ನಾಲ್ಕನೇ ಮಹಡಿಗೆ ಹೋಗುವುದು ಕೊನೆಯಲ್ಲೇ. ಮೊದಲೇ ಹೋದರೆ ಮೂಗು ಆ ವಾಸನೆಗೆ ಒಗ್ಗಿಕೊಂಡು ಸುಮ್ಮನಾಗಿಬಿಡುತ್ತದೆ.

ಹೋದ ತಿಂಗಳು, ಕೆಲಸದ ಜೊತೆಗಾತಿ ರಜೆ ಹಾಕಿ ಇಬ್ಬರ ಕೆಲಸವೂ ಅಕ್ಕನ ಮೇಲೆ ಬಿದ್ದ ದಿನ, ಆ ಕ್ರಮ ತಪ್ಪಿತು. ನಾಲ್ಕನೇ ಮಹಡಿ ಮುಗಿಸಿ ಇಳಿದ ಅಕ್ಕ ಮೂರನೇ ಮಹಡಿಯ ಕೋಣೆಯೊಂದನ್ನು ಮೂಸಿ ‘ಸರಿ ಇದೆ’ ಎಂದರು. ಸ್ವಲ್ಪ ಹೊತ್ತಿಗೇ ತಾಯಿಯೊಬ್ಬರು ಉಬ್ಬಸವಿರುವ ಪುಟ್ಟ ಮಗಳನ್ನು ಅಲ್ಲಿ ಮಲಗಿಸಿದರು. ಮಗುವಿನ ತುಟಿ ನೀಲಿಗಟ್ಟಿತು! ಆ ತಾಯಿ ದಿಂಬನ್ನು ಕಿತ್ತು ಅಕ್ಕನ ಮುಂದೆ ಹಿಡಿದರು: “ಮೂಸಿ ನೋಡಿ!”

“ಮುಖಕ್ಕೇ ಒತ್ಕೊಂಡೆ. ವಾಸನೆ ಏನೂ ಇಲ್ಲ! ಪಕ್ಕದಲ್ಲಿದ್ದ ಸೂಪರ್‌ವೈಸರ್ ಮೇಡಂ ಮೂಗು ಮುಚ್ಕೊಂಡ್ರು ಕಣ್ರೀ.” ಎನ್ನುತ್ತಾರೆ ಅಕ್ಕ.

ಆಸ್ಪತ್ರೆಯಲ್ಲಿ ಮಗು ಎರಡು ದಿನಕ್ಕೆ ಚೇತರಿಸಿಕೊಂಡಿತು. ಹೋಟೆಲ್ ಮಾಡಿದ್ದೇನು ಗೊತ್ತೇ? ವಾಸನೆ ಮುಚ್ಚಲು ಕೋಣೆಗೊಂದು ಸುಗಂಧದ ಬಾಟಲಿ ತರಿಸಿತು. ಕೇಳಿದರೆ ಮೈ ಉರಿಯುತ್ತದೆ. “ಸೇದೋರೂ ಗಿರಾಕಿಗಳೇ ಅಲ್ವಾ?” ಎನ್ನುತ್ತಾರೆ ಮ್ಯಾನೇಜರು. ನಾಲ್ಕನೇ ಮಹಡಿಯಲ್ಲೂ ಸೇದುವುದನ್ನು ನಿಲ್ಲಿಸಿ ಎಂದು ಅಕ್ಕ ಪ್ರತಿ ಸೋಮವಾರ ಅವರ ಮುಂದೆ ಹೋಗಿ ನಿಲ್ಲುತ್ತಾರೆ. “ಸೇದೋರು ಅಂಗಳಕ್ಕೆ ಇಳೀಲಿ ಸಾರ್. ಮಹಡಿ ನಂಬರ್ ನೋಡ್ಕೊಂಡು ಹೊಗೆ ನಿಲ್ಲುತ್ತಾ?”

ಆಸೆ ಏನಮ್ಮ ಎಂದರೆ ತಲೆ ತಗ್ಗಿಸುತ್ತಾರೆ. “ಆ ಮಗು ಇನ್ನೊಂದ್ಸಲ ಬರ್ಬೇಕು. ಅದಕ್ಕೆ ಹಾಸಿಗೆ ನಾನೇ ಹಾಸ್ಬೇಕು.”

ಮುಂದಿನ ಕೋಣೆಯ ದಿಂಬನ್ನು ಎತ್ತಿ ಮೂಸುತ್ತಾರೆ. ಚೊಕ್ಕಟವಾಗಿದೆ. ಆದರೂ ಹತ್ತೊಂಬತ್ತು ವರ್ಷ ಯಾರನ್ನೂ ಕೇಳದ ಅಕ್ಕ ಅದನ್ನು ಜೊತೆಗಾತಿಯ ಕೈಗಿಡುತ್ತಾರೆ. “ನೀನೂ ಒಂದ್ಸಲ ಮೂಸಿಬಿಡಮ್ಮ.”