ಇಲ್ಫರ್ಡ್ ಅಂಗಡಿಯ ಇಟಾಲಿಯನ್ ಮೇಷ್ಟ್ರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬ್ರಿಟಿಷ್ ರಾಜಧಾನಿಯ ಪೂರ್ವದಂಚಿನ ಇಲ್ಫರ್ಡ್ ಸ್ಟೇಷನ್ನಿನ ಹಿಂದಿರುವ ಬಾಂಗ್ಲಾದೇಶಿ ಅಂಗಡಿಯಲ್ಲಿ ಕಾಫಿ ಕುದಿಯುತ್ತಿದೆ. ಸಿಟಿಯ ಆಫೀಸುಗಳನ್ನು ಗುಡಿಸಿ ಒರೆಸಲು ಹೊರಟ ಹೆಂಗಸರು ನಿಂತಲ್ಲೇ ಕುಡಿಯುತ್ತ ಹರಟುತ್ತಿದ್ದಾರೆ. ಬಂಗಾಳಿಯಲ್ಲಿ ಶುರುವಾದ ಮಾತು ನಡುವೆಯೇ ಇಟಾಲಿಯನ್ನಿಗೆ ಹೊರಳುತ್ತದೆ. ಅವರ ಮಧ್ಯೆ ಸಂಶೋಧನೆಗೆಂದು ರೆಕಾರ್ಡರ್ ಹಿಡಿದು ಎಲ್ಲರಿಗಿಂತ ಜೋರಾಗಿ ನಗುತ್ತಿರುವವರೇ ಕುಂದಾಪುರ ಮೂಲದ ಡಾ. ಶರ್ಮಿಳಾ, ಆಧುನಿಕ ಇಟಾಲಿಯನ್ ಸಾಹಿತ್ಯದ ಅಧ್ಯಾಪಕಿ.

"ಇವ್ರೆಲ್ಲ ಇಟಲಿಯಲ್ಲಿ ವರ್ಷಗಟ್ಲೆ ಇದ್ದು ಇಲ್ಲಿಗೆ ಬಂದವ್ರು. ನಾನು ಪಾಠ ಮಾಡೋ ಕಾದಂಬರಿಗಳ ಜನ ಹೀಂಗೇ ಮಾತಾಡುದು ಮಾರಾಯ್ರೆ, ಒಂದೇ ಉಸಿರಲ್ಲಿ ಎರಡ್ಮೂರು ಭಾಷೆ!" ಎನ್ನುತ್ತಾರೆ.

ಶರ್ಮಿಳಾ ಅವರ ಮನೆ ನಗರದ ಇನ್ನೊಂದು ತುದಿಯ ಕೆಂಟನ್‌ನಲ್ಲಿ. ಅಪ್ಪ ಮಂಜಯ್ಯ ಪಾರ್ಕ್ ರಾಯಲ್‌ನ ಕಾರ್ಖಾನೆಯಲ್ಲಿ ದೋಸೆಹಿಟ್ಟು ರುಬ್ಬಿಸುತ್ತಾರೆ. "ಮಗಳು ಡಾಕ್ಟ್ರ್ ಅಂತ ಹೇಳ್ದೆ. ಜನ ಸೊಂಟನೋವಿಗೆ ಮದ್ದ್ ಕೇಂಡ್ಕಂಡ್ ಬಂದ್ರ್!" ಎಂದು ಅವರು ಈಗಲೂ ನಗುತ್ತಾರೆ. ಮಗಳದ್ದೋ, ವರ್ಷಗಟ್ಟಲೆ ತಾತ್ಕಾಲಿಕ ಕೆಲಸಕ್ಕೆ ಈ ಕಾಲೇಜು ಆ ಕಾಲೇಜು ಅಂತ ಅಲೆದಾಟ, ಟ್ಯೂಬ್ ರೈಲಿನಲ್ಲೇ ಊಟ. ಕೊನೆಗೆ ಕಳೆದ ವರ್ಷ ಅವರು ಪಾಠ ಮಾಡುವ ವಿಶ್ವವಿದ್ಯಾಲಯ ಖಡಾಖಂಡಿತವಾಗಿ ಹೇಳಿಬಿಟ್ಟಿತು: ಈ ಸಲ ವಿದ್ಯಾರ್ಥಿಗಳು ಸಿಗದಿದ್ದರೆ ಇಟಾಲಿಯನ್ ವಿಭಾಗ ಬಂದ್.

"ಇಟಾಲಿಯನ್ ಕಲಿಸೋ ದೊಡ್ಡ ದೊಡ್ಡ ಶಾಲೆಗಳನ್ನೆಲ್ಲ ಸುತ್ತಿದ್ದಾಯ್ತು. ಯಾರೂ ಬರಲಿಲ್ಲೆ. ಇಲ್ಲಿ ದಿನಾ ತಾಯಂದಿರ ಮಾತು ರೆಕಾರ್ಡ್ ಮಾಡ್ತಿದ್ದೆ, ಅವ್ರ ಮಕ್ಕಳನ್ನ ಕ್ಲಾಸಿಗೆ ಕರೀಬೇಕಂತ ಹೊಳೀಲೇ ಇಲ್ಲ. ಎಂಥಾ ದಡ್ಡಿ ನಾನು!"

ಹೊಳೆದ ದಿನವೇ, ಇಟಲಿಯಲ್ಲಿ ಆಡಿ ಬೆಳೆದಿದ್ದ ಅಂಗಡಿಯವರ ಮಗಳು ನಸ್ರೀನ್‌ಳನ್ನು ಕ್ಲಾಸಿಗೆ ಕರೆದರಂತೆ. ಅವಳು ಬೆನ್ನು ತಿರುಗಿಸಿದಳು. "ನಂದು ಬೀದಿ ಇಟಾಲಿಯನ್, ಮಿಸ್. ಯೂನಿವರ್ಸಿಟಿಗೆ ಆಗಲ್ಲ."

ಆ ಮಾತು ಶರ್ಮಿಳಾಗೆ ಚುಚ್ಚಿತು. "ಕನ್ನಡದವ್ರ ಪಾರ್ಟಿಗೆ ಹೋದ್ರೆ ನಾನೂ ಕುಂದಾಪ್ರ ಮಾತು ನುಂಗ್ಕಂಡು ಬೆಂಗಳೂರು ಕನ್ನಡ ಆಡ್ತೆ ಅಲ್ದಾ? ಅವಳಿಗೆ ನಾನು ಎಂತ ಹೇಳೂಕಾತ್ತ್?"

ಹೇಳಲಿಲ್ಲ, ಮಾಡಿ ತೋರಿಸಿದರು. ಒಂದು ಭಾನುವಾರ ಅದೇ ಅಂಗಡಿಯಲ್ಲಿ ತಾಯಂದಿರನ್ನೂ ಮಕ್ಕಳನ್ನೂ ಕೂರಿಸಿ ಪಾಠ ಇಟ್ಟರು. ಷರತ್ತು ಒಂದೇ: ಮೊದಲು ಅವರವರ ಮನೆಯ ಬೈಗುಳ, ಆಮೇಲೆ ಪುಸ್ತಕ. ತಾನು ಚಿಕ್ಕವಳಿದ್ದಾಗ ಅಮ್ಮ ಗುಲಾಬಿ ಬೈಯುತ್ತಿದ್ದುದನ್ನು ಅಚ್ಚ ಕುಂದಾಪ್ರ ಕನ್ನಡದಲ್ಲಿ ಕೈಬೀಸಿ ಬೈದು ತೋರಿಸಿದಾಗ, ಒಂದಕ್ಷರ ತಿಳಿಯದಿದ್ದರೂ ಅಂಗಡಿಯೆಲ್ಲ ನಗು. ಆಮೇಲೆ ಕಾದಂಬರಿ ತೆಗೆದು, ತಾಯಿಯೊಬ್ಬಳು ಉತ್ತರ ಇಟಲಿಯ ಆಡುಮಾತಿನಲ್ಲಿ ಮಗನನ್ನು ಗದರುವ ಪುಟ ಓದತೊಡಗಿದರು. ನಸ್ರೀನ್ ಪುಸ್ತಕ ಕಿತ್ತುಕೊಂಡಳು. "ಅಯ್ಯೋ, ಇಟಲಿಯಲ್ಲಿ ನಮ್ಮ ಪಕ್ಕದ್ಮನೆ ಅಜ್ಜಿ ಥೇಟ್ ಹೀಗೇ ಬೈತಿದ್ರು!" ಎಂದವಳೇ ಪುಟ ಮುಗಿಯುವವರೆಗೂ ನಿಲ್ಲಿಸಲಿಲ್ಲ. ನಸ್ರೀನ್‌ಳ ಅಮ್ಮ ಕಣ್ಣೊರೆಸಿಕೊಂಡಳು.

ಸುದ್ದಿ ಬೀದಿಯಿಂದ ಬೀದಿಗೆ ಹರಡಿತು. ಈ ವರ್ಷ ವಿಶ್ವವಿದ್ಯಾಲಯದ ಮೊದಲ ತರಗತಿಗೆ ನಸ್ರೀನ್ ಜೊತೆ ಬಂದವರಿಗೆಂದು ಪಕ್ಕದ ಕೋಣೆಯಿಂದ ಕುರ್ಚಿ ಹೊತ್ತು ತರಬೇಕಾಯಿತು, ಹೊತ್ತು ತಂದವರು ವಿಭಾಗದ ಮುಖ್ಯಸ್ಥರೇ! ವಿಭಾಗ ಉಳಿಯಿತು. ಶರ್ಮಿಳಾ ಅವರ ಕೆಲಸವೂ ಕಾಯಂ ಆಯಿತು. ನನಗಂತೂ ಕೇಳಿ ಹೊಟ್ಟೆ ತಂಪಾಯಿತು.

ಇನ್ನೇನು ಆಸೆ ಅಂತ ಕೇಳಿದೆ.

"ಒಂದಿನ ನನ್ನ ಕ್ಲಾಸು ನಸ್ರೀನ್ ತಗಣ್ಕ್. ಅವಳು ಯಾರಿಗೂ ಹೆದರದೆ ಅವಳ ಬೀದಿ ಮಾತಲ್ಲೇ ಶುರು ಮಾಡ್ಕ್. ನಾನು ಹಿಂದಿನ ಬೆಂಚಲ್ಲಿ ಕೂತ್ಕಂಡ್ ನೋಟ್ಸ್ ಬರ್ಕಂತೆ."