ದಾನೇಶ್ವರಿ ಮೇಡಂ ಮಾಡಿದ ದ್ರಾವಣ

ದಾನೇಶ್ವರಿಗೆ ತನ್ನ ಕೈಯ ಮೇಲೆ ಇದ್ದ ನಂಬಿಕೆ ಮನೆದೇವರ ಮೇಲೂ ಇರಲಿಲ್ಲ. ಬ್ಯುರೆಟ್ ಎಂಬ ಗೆರೆ ಕೊರೆದ ಗಾಜಿನ ಕೊಳವೆಯ ತಿರುಪು ತಿರುಗಿಸಿ, ಹನಿಹನಿಯಾಗಿ ದ್ರಾವಣ ಬಿಟ್ಟು, ಕೆಳಗಿನ ಗಾಜಿನ ಬುರುಡೆಯೊಳಗಿನ ನೀರು ಗುಲಾಬಿಗೆ ತಿರುಗಿದ ಕ್ಷಣಕ್ಕೆ ನಿಲ್ಲಿಸುವುದರಲ್ಲಿ ಅಬುಧಾಬಿಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದಳು. ಇದ್ದಾರೋ ಏನೋ ಎಂದು ಹುಡುಕಲು ಹೋಗಿರಲಿಲ್ಲ, ಅದು ಬೇರೆ ಮಾತು.

ಊರು ಗದಗ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಶೇಖಪ್ಪನನ್ನು ಮದುವೆಯಾಗಿ, ಅವನ ಹಿಂದೆಯೇ ಇಲ್ಲಿಗೆ ಬಂದು ಹದಿನಾರು ವರ್ಷ. ಶೇಖಪ್ಪ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಪೈಪುಗಳ ವೆಲ್ಡಿಂಗ್ ಪರೀಕ್ಷೆ ಮಾಡುವ ಇಂಜಿನಿಯರು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಫ್ಲ್ಯಾಟಿನಲ್ಲಿ ಸಂಸಾರ. ಹತ್ತು ವರ್ಷ ಒಂದು ಇಂಡಿಯನ್ ಸ್ಕೂಲಿನಲ್ಲಿ ಗಂಟಲು ಹರಿದುಕೊಂಡ ಮೇಲೆ ಅವಳಿಗೆ ಯೂನಿವರ್ಸಿಟಿಯೊಂದರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ ಸಿಕ್ಕಿತು. ಪ್ರೊಫೆಸರೂ ಅಲ್ಲ, ಅಟೆಂಡರೂ ಅಲ್ಲ; ಎರಡರ ನಡುವೆ ಬಿಳಿ ಕೋಟು ಹಾಕಿಕೊಂಡು ನಿಲ್ಲುವ ಹುದ್ದೆ. ಆದರೆ ಅತ್ತೆ ರುದ್ರವ್ವ ಗದಗಿನ ಓಣಿಗೆಲ್ಲ "ನಮ್ಮ ಸೊಸಿ ಅಲ್ಲೆ ಯೂನಿವರ್ಸಿಟ್ಯಾಗ ಪ್ರೊಫೆಸರ್" ಎಂದು ಸಾರಿಬಿಟ್ಟಿದ್ದಳು. ದಾನೇಶ್ವರಿ ತಿದ್ದಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದು ಎಂಬ ಸಂಸ್ಕಾರ ಈ ಒಂದು ವಿಷಯದಲ್ಲಿ ಮಾತ್ರ ಅವಳಿಗೆ ತಪ್ಪದೆ ನೆನಪಾಗುತ್ತಿತ್ತು.

ಮೂರು ವರ್ಷದ ಹಿಂದೆ ಯೂನಿವರ್ಸಿಟಿ ವಿಜ್ಞಾನದಲ್ಲಿ ಡಬಲ್ ಡಿಗ್ರಿ ಶುರು ಮಾಡಿತು. ರಸಾಯನಶಾಸ್ತ್ರದ್ದೊಂದು ಪದವಿ, ಸಂಖ್ಯಾಶಾಸ್ತ್ರದ್ದು ಇನ್ನೊಂದು. ಬೇರೆ ಬೇರೆ ಓದಿದರೆ ಏಳು ವರ್ಷ ಹಿಡಿಯುವುದನ್ನು ಐದು ವರ್ಷದಲ್ಲಿ ಮುಗಿಸಬೇಕು. ಹುಡುಗರು ಬೆಳಗ್ಗೆ ಲ್ಯಾಬಿನಲ್ಲಿ ಆಮ್ಲದ ವಾಸನೆ ಕುಡಿದು, ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಅಂಕಿಗಳ ಜೊತೆ ಗುದ್ದಾಡುತ್ತಿದ್ದರು. ವರ್ಷದ ಕೊನೆಗೆ ಮೂರು ತಾಸು ಬರೆದು ಕೈಮುಗಿಯುವ ಪದ್ಧತಿ ಇಲ್ಲ. ವಾರವಾರ ಕ್ವಿಜ್, ಲ್ಯಾಬ್ ನೋಟ್‌ಬುಕ್ಕಿಗೆ ಮಾರ್ಕ್ಸ್, ಎದುರು ನಿಲ್ಲಿಸಿ ಪ್ರಶ್ನೆ ಕೇಳಿ ಅದಕ್ಕೊಂದಿಷ್ಟು ಮಾರ್ಕ್ಸ್, ಕೊನೆಯ ಪರೀಕ್ಷೆಗೆ ನೂರಕ್ಕೆ ನಲವತ್ತೇ. ಇದರ ಮೇಲೆ ಪ್ರತಿ ಸೆಮಿಸ್ಟರಿಗೊಂದು ಜಂಟಿ ವರದಿ: ಲ್ಯಾಬಿನಲ್ಲಿ ಸಿಕ್ಕ ಅಂಕಿಗಳನ್ನೇ ಇಟ್ಟುಕೊಂಡು ಬರೆಯಬೇಕು, ರಸಾಯನಶಾಸ್ತ್ರದವರೊಮ್ಮೆ, ಸಂಖ್ಯಾಶಾಸ್ತ್ರದವರೊಮ್ಮೆ ಬೇರೆ ಬೇರೆಯಾಗಿ ತಿದ್ದುತ್ತಾರೆ.

ಇದನ್ನೆಲ್ಲ ಅವಳು ಊಟಕ್ಕೆ ಕುಳಿತಾಗ ಶೇಖಪ್ಪನಿಗೆ ವಿವರಿಸಿದಳು. ಅವನು ರೊಟ್ಟಿ ಮುರಿಯುತ್ತ ಕೇಳಿ, "ಅಂದ್ರ ಒಂದ ಸಲಕ್ಕ ಎರಡು ಕಡೆ ಫೇಲ್ ಆಗೂ ಅನುಕೂಲ ಮಾಡಿಕೊಟ್ಟಾರ ಅಂದಂಗಾತು" ಎಂದ.

"ನಿಮಗೇನ್ ತಿಳೀತದ್ರಿ? ಇದು ಕಂಠಪಾಠದ ಕಾಲ ಅಲ್ಲ" ಎಂದು ಅವಳು ಗದರಿದಳು. ಕಂಠಪಾಠದಿಂದಲೇ ರ‍್ಯಾಂಕಿನ ಹತ್ತಿರ ಹತ್ತಿರ ಹೋಗಿ ಬಂದವಳು ತಾನು ಎಂಬುದನ್ನು ಆ ಮಾತಿನಲ್ಲಿ ಸೇರಿಸಲಿಲ್ಲ.

ಈ ಸಲ ಸೆಪ್ಟೆಂಬರಿನಲ್ಲಿ ಮೊದಲ ವರ್ಷದವರಿಗೆ ಮೊದಲ ಪ್ರಯೋಗ ವಿನಿಗರಿನದು. ಅಂಗಡಿಯಲ್ಲಿ ಸಿಗುವ ವಿನಿಗರಿನಲ್ಲಿ ಆಮ್ಲ ಎಷ್ಟಿದೆ ಎಂದು ಕಂಡುಹಿಡಿಯಬೇಕು. ವಿನಿಗರಿಗೆ ನೀರು ಬೆರೆಸಿ, ಕಾಸ್ಟಿಕ್ ಸೋಡಾದ ದ್ರಾವಣವನ್ನು ಬ್ಯುರೆಟ್ಟಿನಿಂದ ಹನಿಸುತ್ತ ಹೋದರೆ ಒಂದು ಹಂತದಲ್ಲಿ ಗುಲಾಬಿ ಬಣ್ಣ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಎಷ್ಟು ಮಿಲಿಲೀಟರ್ ಇಳಿದಿದೆ ಎಂದು ಓದಿಕೊಂಡು ಲೆಕ್ಕ ಹಾಕುವುದು. ಸೋಡಾದ ದ್ರಾವಣ ಮಾಡಿ ಬಾಟಲಿಗೆ ಚೀಟಿ ಅಂಟಿಸುವುದು ದಾನೇಶ್ವರಿಯ ಕೆಲಸ. ಮಾಡಿದ ಮೇಲೆ ಅದರ ಬಲ ಚೀಟಿಯಲ್ಲಿ ಬರೆದಷ್ಟೇ ಇದೆಯೇ ಎಂದು ಒಮ್ಮೆ ಪರೀಕ್ಷಿಸಬೇಕೆಂದು ನಿಯಮ. ಆ ನಿಯಮ ಬೇರೆಯವರಿಗೆ, ಪಳಗಿದ ಕೈಗಲ್ಲ, ಎಂದು ಅವಳು ಎಂದೋ ತೀರ್ಮಾನ ಮಾಡಿಯಾಗಿತ್ತು.

ಇಪ್ಪತ್ನಾಲ್ಕು ಜನ ಪ್ರಯೋಗ ಮಾಡಿದರು. ಇಪ್ಪತ್ತೊಂದು ಜನರಿಗೆ ಇಪ್ಪತ್ತು ಪಾಯಿಂಟ್ ಎಂಟರ ಆಸುಪಾಸಿಗೇ ರೀಡಿಂಗ್ ಬಂತು. ಲೆಕ್ಕ ಹಾಕಿದರೆ ಶೇಕಡಾ ಐದು, ವಿನಿಗರಿನ ಬಾಟಲಿಯ ಮೇಲೆ ಬರೆದಿದ್ದೂ ಅಷ್ಟೇ. ದಾನೇಶ್ವರಿ ಹಿಗ್ಗಿದಳು. "ನಾ ಹೆಂಗ ಕಲಿಸ್ತೀನಿ ನೋಡ್ರಿ, ಮೊದಲನೇ ಸಲಕ್ಕ ಎಲ್ಲಾರ್ದೂ ಕರೆಕ್ಟ್" ಎಂದು ಶೇಖಪ್ಪನಿಗೆ ಫೋನೂ ಮಾಡಿದಳು. ಉಳಿದ ಮೂವರದು ಇಪ್ಪತ್ತಮೂರು ದಾಟಿತ್ತು. ಆ ಮೂವರಲ್ಲಿ ಹಿತಾ ಎಂಬ ಹುಡುಗಿಯದು ಇಪ್ಪತ್ತಮೂರು ಪಾಯಿಂಟ್ ನಾಲ್ಕು. ಫಲಿತಾಂಶ ಸರಿ ಬಂದುದಕ್ಕೆ ಹತ್ತು ಮಾರ್ಕ್ಸ್ ಇತ್ತು; ಅವಳಿಗೆ ಎರಡು ಕೊಟ್ಟು, ಪಕ್ಕದಲ್ಲಿ 'ಕೈ ಇನ್ನೂ ಪಳಗಬೇಕು' ಎಂದು ಇಂಗ್ಲಿಷಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಳು. ಬರೆದ ಅಕ್ಷರ ದುಂಡಗೆ ಬಂದಿದೆಯೇ ಎಂದು ಒಮ್ಮೆ ನೋಡಿಕೊಂಡಳು ಕೂಡ.

ಮುಂದಿನ ವಾರ ಹಿತಾ ಲ್ಯಾಪ್‌ಟಾಪ್ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದಳು. ಮೈಸೂರಿನವರ ಮಗಳು, ತಂದೆತಾಯಿ ದುಬೈಯ ಅಲ್ ಮುರಕ್ಕಬಾತಿನಲ್ಲಿ, ಇವಳು ಇಲ್ಲಿ ಹಾಸ್ಟೆಲಿನಲ್ಲಿ. ದಾನೇಶ್ವರಿಯ ಜೊತೆ ಮಾತ್ರ ಕನ್ನಡ ಆಡುತ್ತಿದ್ದಳು, ಅರ್ಧಕ್ಕರ್ಧ ಇಂಗ್ಲಿಷ್ ಸೇರಿಸಿ.

"ಮ್ಯಾಮ್, ನಾನೆಲ್ಲಿ ತಪ್ಪು ಮಾಡಿದೆ ಅಂತ ಗೊತ್ತಾಗ್ತಿಲ್ಲ. ಜಂಟಿ ವರದಿಗೆ ಕ್ಲಾಸಿನ ಎಲ್ಲಾ ರೀಡಿಂಗ್ಸ್ ತಗೊಂಡು ಗ್ರಾಫ್ ಮಾಡಿದೆ. ಸ್ವಲ್ಪ ನೋಡ್ತೀರಾ?"

ಪರದೆಯ ಮೇಲೆ ಚುಕ್ಕಿಗಳಿದ್ದವು. ಇಪ್ಪತ್ತೊಂದು ಚುಕ್ಕಿ ಒಂದರ ಮೇಲೊಂದು ಕುಳಿತಂತೆ ಒಂದೇ ಕಡೆ, ಮೂರು ದೂರದಲ್ಲಿ.

"ಮೊದಲನೇ ಸಲ ಬ್ಯುರೆಟ್ ಹಿಡಿದವರಿಗೆ ಇಷ್ಟು ಹತ್ತಿರ ಹತ್ತಿರ ಬರೋದು ಕಷ್ಟ ಅಲ್ವಾ ಮ್ಯಾಮ್? ಒಬ್ಬರಿಗೆ ಸ್ವಲ್ಪ ಜಾಸ್ತಿ, ಒಬ್ಬರಿಗೆ ಕಡಿಮೆ, ಹಾಗೆ ಚೆಲ್ಲಾಪಿಲ್ಲಿ ಇರಬೇಕಿತ್ತು. ನಮ್ಮ ಮೂರೂ ಜನದ್ದು ಮಾತ್ರ ಹಾಗಿದೆ."

"ಸಂಖ್ಯಾಶಾಸ್ತ್ರದವರು ಅಂಕಿ ನೋಡ್ತಾರವ್ವ, ನಾವು ಕೈ ನೋಡ್ತೀವಿ" ಎಂದಳು ದಾನೇಶ್ವರಿ. "ಬಾ, ಹೆಂಗ ಮಾಡೂದು ಅಂತ ತೋರಿಸ್ತೀನಿ. ಕಣ್ಣು ಬಿಟ್ಟು ನೋಡು."

ಉಳಿದಿದ್ದ ಅದೇ ದ್ರಾವಣವನ್ನು ಬ್ಯುರೆಟ್ಟಿಗೆ ತುಂಬಿದಳು. ಇಪ್ಪತ್ತು ಮಿಲಿಲೀಟರ್ ಸರ‍್ರನೆ ಇಳಿಸಿ, ಅಲ್ಲಿಂದ ಹನಿಹನಿ. "ಇನ್ನ ಎಂಟು ಗೆರಿ. ಈಗ ನೋಡು ಬಣ್ಣ ತಿರುಗ್ತದ." ಎಂಟು ಗೆರೆ ಇಳಿಯಿತು. ಬಣ್ಣ ತಿರುಗಲಿಲ್ಲ. ಬುರುಡೆಯನ್ನು ಇನ್ನಷ್ಟು ಅಲ್ಲಾಡಿಸಿದಳು. "ಇನ್ನೊಂದ್ ಹನಿ." ಒಂದಲ್ಲ, ಹತ್ತು ಹನಿ ಬಿದ್ದವು. ಇಪ್ಪತ್ತೊಂದಾಯಿತು, ಇಪ್ಪತ್ತೆರಡಾಯಿತು. ನೀರು ನೀರಾಗಿಯೇ ಇತ್ತು. ಅವಳಿಗೆ ಬೆನ್ನಲ್ಲಿ ಬೆವರಿಳಿಯಿತು. ಆ ಲ್ಯಾಬಿನ ಎ.ಸಿ.ಯಲ್ಲಿ ಬೆವರುವುದಕ್ಕೂ ಒಂದು ಯೋಗ್ಯತೆ ಬೇಕು. ನಾಚಿಕೆಗೇಡಿನ ಮಾತೆಂದರೆ, ಇಪ್ಪತ್ತು ಪಾಯಿಂಟ್ ಎಂಟರ ಹತ್ತಿರ ಬುರುಡೆಯನ್ನು ಬೆಳಕಿಗೆ ಹಿಡಿದು, "ಅಕಾ, ನಸುಗೆಂಪು ಬಂತಲ್ಲ" ಎಂದು ಹೇಳಿಯೇಬಿಡಲು ಅವಳ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಪಕ್ಕದಲ್ಲಿ ಹದಿನೆಂಟರ ಹುಡುಗಿಯ ಎರಡು ಕಣ್ಣಿದ್ದವು ಎಂದು ಸುಮ್ಮನಾದಳು.

ಗುಲಾಬಿ ಬಣ್ಣ ನಿಂತದ್ದು ಇಪ್ಪತ್ತಮೂರು ಪಾಯಿಂಟ್ ನಾಲ್ಕಕ್ಕೆ. ಎರಡನೇ ಸಲ ಮಾಡಿದಳು: ಇಪ್ಪತ್ತಮೂರು ಪಾಯಿಂಟ್ ಐದು.

ಹಿತಾ ಎರಡೂ ಅಂಕಿ ಬರೆದುಕೊಂಡಳು. ಎದುರಾಡಿದ್ದರೆ ಬೈದು ಕಳಿಸಬಹುದಿತ್ತು. ಆ ಅನುಕೂಲವನ್ನೂ ಹುಡುಗಿ ಮಾಡಿಕೊಡಲಿಲ್ಲ.

"ನೀ ಕ್ಲಾಸಿಗೆ ಹೋಗವ್ವ. ನಾ ನೋಡ್ತೀನಿ" ಎಂದು ಅವಳನ್ನು ಕಳಿಸಿ, ದಾನೇಶ್ವರಿ ಅಂದು ಮಾಡದೆ ಬಿಟ್ಟಿದ್ದ ದ್ರಾವಣದ ಪರೀಕ್ಷೆಯನ್ನು ಆಗ ಮಾಡಿದಳು. ಅದರ ಬಲ ಚೀಟಿಯಲ್ಲಿ ಬರೆದದ್ದಕ್ಕಿಂತ ನೂರಕ್ಕೆ ಹನ್ನೊಂದು ಪಾಲು ಕಡಿಮೆ ಇತ್ತು; ಬಲ ತಗ್ಗಿದಷ್ಟೂ ಹೆಚ್ಚು ಹನಿ ಬೇಕು. ಕಪಾಟಿನಿಂದ ಕಾಸ್ಟಿಕ್ ಸೋಡಾದ ಡಬ್ಬಿ ತೆಗೆದು ನೋಡಿದಳು. ಬಿಳಿ ಗುಳಿಗೆಗಳು ಬೆಲ್ಲದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಜೂನಿನಲ್ಲಿ ಊರಿಗೆ ಹೊರಟ ದಿನ ವಿಮಾನಕ್ಕೆ ಹೊತ್ತಾಯಿತೆಂದು ಮುಚ್ಚಳವನ್ನು ಅರ್ಧ ತಿರುಗಿಸಿ ಓಡಿದವಳು ಯಾರು ಎಂದು ವಿಚಾರಣೆ ಮಾಡುವ ಅಗತ್ಯವಿರಲಿಲ್ಲ. ಇಡೀ ಬೇಸಿಗೆ ರಜೆಯಲ್ಲಿ ಆ ಸೋಡಾ ಗಾಳಿಯ ತೇವವನ್ನು ಕುಡಿಯುತ್ತ ಕುಳಿತಿತ್ತು. ಅವಳು ತೂಗಿದ್ದರಲ್ಲಿ ನೀರಿನ ತೂಕವೂ ಸೇರಿತ್ತು.

ಹಾಗಾದರೆ ಸರಿಯಾಗಿ ಪ್ರಯೋಗ ಮಾಡಿದವರು ಮೂವರೇ. ಉಳಿದ ಇಪ್ಪತ್ತೊಂದು ಜನ ವಿನಿಗರಿನ ಬಾಟಲಿಯ ಮೇಲಿದ್ದ ಉತ್ತರವನ್ನು ಮೊದಲು ಇಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದಿದ್ದರು.

ಸಿಟ್ಟು ಬರಬೇಕಿತ್ತು. ಬಂದದ್ದು ಗದಗಿನ ಕಾಲೇಜಿನ ನೆನಪು. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದೇ ದಾನೇಶ್ವರಿ, ಕೈ ತಪ್ಪಿ ಹೆಚ್ಚು ಹನಿಸಿ ಬುರುಡೆಯ ನೀರನ್ನು ಕಡುಗೆಂಪು ಮಾಡಿಕೊಂಡು, ಅದನ್ನು ಸಿಂಕಿಗೆ ಚೆಲ್ಲಿ, ಮೂರು ಚೆಂದದ ರೀಡಿಂಗ್ ತಲೆಯಿಂದಲೇ ಬರೆದಿದ್ದಳು. ಐವತ್ತಕ್ಕೆ ನಲವತ್ತೆಂಟು ಬಂದಿತ್ತು. ಹೊರಗಿನಿಂದ ಬಂದ ಪರೀಕ್ಷಕರು "ಕೈ ಬಹಳ ಪಳಗ್ಯಾವ" ಎಂದು ಎಲ್ಲರೆದುರು ಹೊಗಳಿದ್ದರು. ಕೈಯ ಮೇಲಿನ ನಂಬಿಕೆ ಅವಳಿಗೆ ಹುಟ್ಟಿದ್ದು ಅಂದಿನಿಂದ. ಇಪ್ಪತ್ತೈದು ವರ್ಷ ಅದನ್ನು ನಂಬಿದವರಲ್ಲಿ ಅವಳೇ ಮೊದಲಿಗಳು.

ಡಬಲ್ ಡಿಗ್ರಿ ನೋಡಿಕೊಳ್ಳುತ್ತಿದ್ದವರು ಡಾ. ರೀಮಾ, ಬೈರೂತ್ ಕಡೆಯವರು. ದಾನೇಶ್ವರಿ ಅವರ ಕೋಣೆಯ ಮುಂದೆ ಎರಡು ಸಲ ಹೋಗಿ ಎರಡು ಸಲ ನೀರು ಕುಡಿಯಲು ತಿರುಗಿದಳು. ಮೂರನೇ ಸಲ ಒಳಗೆ ಹೋಗಿ ಎಲ್ಲ ಹೇಳಿದಳು. 'ಬೇಸಿಗೆಯ ತೇವ', 'ಹಳೆಯ ಡಬ್ಬಿ' ಎಂದೆಲ್ಲ ಕಟ್ಟಿಕೊಂಡು ಹೋಗಿದ್ದ ಮುನ್ನುಡಿ ಮಾತಿಗೆ ನಿಂತಾಗ ಮರೆತೇಹೋಯಿತು.

"ದ್ರಾವಣ ಪರೀಕ್ಷಿಸಲಿಲ್ಲವೇ?" ಎಂದರು ರೀಮಾ.

"ಇಲ್ಲ."

"ಯಾಕೆ?"

"ಬೇಕಾಗಿಲ್ಲ ಅಂದುಕೊಂಡೆ. ನಾನೇ ಮಾಡಿದ್ದು ಅಂತ."

ರೀಮಾ ನಗಲಿಲ್ಲ. "ನಿಮ್ಮ ತಪ್ಪು ಬರವಣಿಗೆಯಲ್ಲಿ ಬೇಕು. ಆ ಮೂವರ ಮಾರ್ಕ್ಸ್ ಇವತ್ತೇ ಸರಿಯಾಗಬೇಕು. ಉಳಿದವರದ್ದು ಶಿಸ್ತಿನ ಕಮಿಟಿಗೆ ಹೋಗಬೇಕಾದ ವಿಷಯ."

"ಮೊದಲ ಪ್ರಯೋಗ, ಡಾಕ್ಟರ್. ಹದಿನೆಂಟರ ಮಕ್ಕಳು. ಇದೇ ಕೆಲಸ ನಾನೂ ಮಾಡಿದ್ದೆ, ನನಗೆ ಸಿಕ್ಕಿದ್ದು ಹೊಗಳಿಕೆ. ಇವರಿಗೆ ಒಂದು ಅವಕಾಶ ಕೊಡೋಣ. ಒಬ್ಬೊಬ್ಬರಿಗೆ ವಿನಿಗರಿನ ಒಂದೊಂದು ಬೇರೆ ಮಾದರಿ ಕೊಡ್ತೇನೆ, ಬಾಟಲಿಯ ಮೇಲೆ ಏನೂ ಬರೆದಿರೋದಿಲ್ಲ. ಇಪ್ಪತ್ನಾಲ್ಕೂ ನಾನೇ ತಯಾರು ಮಾಡ್ತೇನೆ."

ರೀಮಾ ಒಪ್ಪಿದರು. "ಈ ಒಂದು ಸಲ. ಹಳೆಯ ಪ್ರಯೋಗದ ಮಾರ್ಕ್ಸ್ ಆ ಇಪ್ಪತ್ತೊಂದು ಜನರಿಗೆ ಸೊನ್ನೆ. ಅದನ್ನು ಕ್ಲಾಸಿಗೆ ನೀವೇ ಹೇಳಿ. ಮತ್ತೆ ದ್ರಾವಣ..." ಎಂದು ನಿಲ್ಲಿಸಿದರು.

"ಪರೀಕ್ಷೆ ಮಾಡ್ತೇನೆ. ಎರಡು ಸಲ."

ಕ್ಲಾಸಿನಲ್ಲಿ ವಿಷಯ ತಿಳಿಸಿದಾಗ ಮೊದಲು ಎದ್ದವನು ಲಾಯ್ಡ್, ಮಂಗಳೂರು ಕಡೆಯ ಹುಡುಗ. ಅವನ ರೀಡಿಂಗ್ ಮೂರು ಸಲವೂ ಇಪ್ಪತ್ತು ಪಾಯಿಂಟ್ ಎಂಟೇ ಇತ್ತು. "ಮ್ಯಾಮ್, ದಿಸ್ ಈಸ್ ನಾಟ್ ಫೇರ್. ದ್ರಾವಣ ತಪ್ಪು ಮಾಡಿದ್ದು ನೀವು. ಸೊನ್ನೆ ನಮಗೆ?"

"ಹೌದಪ್ಪ, ತಪ್ಪು ನಂದ. ಅದನ್ನ ಬರದ ಕೊಟ್ಟೀನಿ" ಎಂದು ಕನ್ನಡದಲ್ಲೇ ಶುರು ಮಾಡಿಬಿಟ್ಟು, ಮತ್ತೆ ಇಂಗ್ಲಿಷಿಗೆ ತಿರುಗಿಕೊಂಡಳು. "ಆದರೆ ನನ್ನ ತಪ್ಪು ದ್ರಾವಣದಿಂದ ನಿನಗೆ ಸರಿ ಉತ್ತರ ಹೇಗೆ ಬಂತು? ಅದೊಂದನ್ನು ವಿವರಿಸು, ಹತ್ತಕ್ಕೆ ಹತ್ತು ಕೊಡ್ತೇನೆ."

ಲಾಯ್ಡ್ ಕುಳಿತುಬಿಟ್ಟ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗನ ಕಿವಿ ಕೆಂಪಾದದ್ದು ಕಂಡು ದಾನೇಶ್ವರಿಗೆ ಗೆದ್ದೆನೆಂದು ಅನ್ನಿಸಲಿಲ್ಲ. ಸಿಂಕಿಗೆ ಚೆಲ್ಲಿದ ಆ ಕಡುಗೆಂಪು ನೀರು ಕಣ್ಣ ಮುಂದೆ ಬಂತು. ಗದಗಿನ ಕಥೆಯನ್ನು ಪೂರ್ತಿಯಾಗಿ ಹೇಳಿದಳು, ಪರೀಕ್ಷಕರ ಹೊಗಳಿಕೆಯ ಸಮೇತ. ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು. ಲಾಯ್ಡ್ ಕೂಡ ತಲೆ ತಗ್ಗಿಸಿಕೊಂಡೇ ನಕ್ಕ. ಇಷ್ಟು ವರ್ಷ ಶೇಖಪ್ಪನಿಗೂ ಹೇಳದ ಸಂಗತಿಯನ್ನು ಇಪ್ಪತ್ನಾಲ್ಕು ಜನರ ಮುಂದೆ ಬಿಚ್ಚಿದ್ದೇನೆಂದು ಅವಳಿಗೆ ಹೊಳೆದದ್ದು ಮನೆಗೆ ಕಾರು ಓಡಿಸುವಾಗ.

ಎರಡನೇ ಸಲದ ಪ್ರಯೋಗದಲ್ಲಿ ಒಬ್ಬರ ರೀಡಿಂಗೂ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಎರಡು ಬುರುಡೆ ಒಡೆದವು. ಲಾಯ್ಡ್ ಐದು ಸಲ ಮಾಡಿ, ಐದರಲ್ಲಿ ನಾಲ್ಕನ್ನು ಕೆಡಿಸಿ, ಕೆಟ್ಟದ್ದೆಲ್ಲವನ್ನೂ ಕೆಟ್ಟದ್ದೆಂದೇ ನೋಟ್‌ಬುಕ್ಕಿನಲ್ಲಿ ಬರೆದ. ಮೊದಲೆಲ್ಲ ಉತ್ತರ ನೋಡಿ ಅರ್ಧ ತಾಸಿನಲ್ಲಿ ಮಾರ್ಕ್ಸ್ ಹಾಕುತ್ತಿದ್ದ ದಾನೇಶ್ವರಿಗೆ ಈಗ ಪ್ರತಿ ಪುಟ ಓದಬೇಕಾಗಿ ಮೂರು ದಿನ ಹಿಡಿಯಿತು. ಹಿತಾಳ ಜಂಟಿ ವರದಿ ಅವಳ ಪಾಲಿನ ತಿದ್ದುಪಡಿಗೆ ಬಂದಾಗ ರಸಾಯನಶಾಸ್ತ್ರದ ಭಾಗ ಸರಾಗವಾಗಿ ಓದಿಸಿಕೊಂಡು ಹೋಯಿತು. ಚುಕ್ಕಿಗಳ ಚದುರುವಿಕೆಯ ಲೆಕ್ಕ ಬಂದಲ್ಲಿ ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ. ಗೊತ್ತಿರುವವಳಂತೆ ಅಲ್ಲಲ್ಲಿ ಟಿಕ್ ಹಾಕುತ್ತ ಹೋಗುತ್ತಿದ್ದವಳು ಮೂರನೇ ಟಿಕ್ಕಿಗೆ ಪೆನ್ನು ಕೆಳಗಿಟ್ಟಳು.

ಅಕ್ಟೋಬರಿನಿಂದ ಮಂಗಳವಾರ ಮಧ್ಯಾಹ್ನ ಅವಳು ಮೊದಲ ವರ್ಷದ ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರತೊಡಗಿದಳು. ಅಲ್ಲಿನ ಮೇಷ್ಟರು ಕೇರಳದ ತರುಣ; ಅವಳ ವಯಸ್ಸು ನೋಡಿ ಎದ್ದು ನಿಂತು ಮಾತಾಡಿಸುತ್ತಿದ್ದ, ಕ್ವಿಜ್ ಕೊಡುವಾಗ ಮಾತ್ರ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಹತ್ತಕ್ಕೆ ನಾಲ್ಕು ಬಂತು. ಮುಂದಿನ ಬೆಂಚಿನಿಂದ ಹಿತಾ ತಿರುಗಿ, "ಮ್ಯಾಮ್, ಮೂರನೇದು ಹೇಗೆ ಮಾಡಿದ್ರಿ? ತೋರಿಸಿ" ಎಂದು ಉತ್ತರಪತ್ರಿಕೆಗೆ ಕೈಚಾಚಿದಳು. ದಾನೇಶ್ವರಿ ಒಂದು ಕ್ಷಣ ಅದನ್ನು ಎದೆಗವಚಿ ಹಿಡಿದಳು, ಆಮೇಲೆ ಕೊಟ್ಟಳು.

ಮನೆಯಲ್ಲಿ ಶೇಖಪ್ಪ ಕೇಳಿದ, "ಪರೀಕ್ಷಾ ಹೆಂಗಾತು?"

"ನಾಲ್ಕು ಬಂತ್ರಿ."

"ಐದಕ್ಕೋ?"

ಹೂಂ ಎಂದುಬಿಡಲು ಎಷ್ಟು ಸುಲಭವಿತ್ತು. "ಹತ್ತಕ್ಕ" ಎಂದು ಹೇಳಿ, ಅವನು ನಗುವ ಮೊದಲೇ ತಾನೇ ನಕ್ಕು, ಪುಸ್ತಕ ತೆರೆದು ಮೂರನೇ ಲೆಕ್ಕಕ್ಕೆ ಕುಳಿತಳು.